ಅನ್ಯಗ್ರಹ ಜೀವಿ ಮತ್ತು ಮಾನವ ಸಂಕರ: ವಿಜ್ಞಾನ ಕಥೆಯ ಕಲ್ಪನೆಗೆ ಜೀವಶಾಸ್ತ್ರದ ಅಳತೆ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿರುವ ಯಡಿಯೂರು, ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿಂದ ಪ್ರಸಿದ್ಧವಾದ ಕ್ಷೇತ್ರ. ಇಲ್ಲಿನ ಜಾತ್ರೆಗೆ ರಾಸು ಕೊಳ್ಳಲು ಬಂದ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಕೊಂಬು, ಗೊರಸು, ಸುಳಿ. ಎಲ್ಲ ಒಪ್ಪಿಗೆಯಾದ ಮೇಲೆ ತಾಯಿ ಯಾವುದು, ಹೋರಿ ಯಾವುದು ಎಂದು ಕೇಳುತ್ತಾನೆ. ಕಣ್ಣಿಗೆ ಕಾಣುವ ಲಕ್ಷಣ ಎಷ್ಟೇ ಚೆನ್ನಾಗಿದ್ದರೂ ವಂಶ ತಿಳಿಯದೆ ವ್ಯಾಪಾರ ಮುಗಿಯುವುದಿಲ್ಲ.

ವಿಜ್ಞಾನ ಕಥೆಗಳಲ್ಲಿ ಅನ್ಯಗ್ರಹದ ಜೀವಿಗೂ ಮನುಷ್ಯರಿಗೂ ಹುಟ್ಟಿದ ಪಾತ್ರಗಳು ಎದುರಾದಾಗ ಕೇಳಬೇಕಾದ ಪ್ರಶ್ನೆಯೂ ಇದೇ. ಎರಡು ಕೈ, ಎರಡು ಕಾಲು, ಮಾತನಾಡುವ ಬಾಯಿ ಇದ್ದಮಾತ್ರಕ್ಕೆ ಎರಡು ಜೀವಿಗಳಿಗೆ ಸಂತಾನವಾಗುವುದಿಲ್ಲ. ಸಂಕರಕ್ಕೆ ಬೇಕಾದದ್ದು ರೂಪದ ಹೋಲಿಕೆಗಿಂತ ಮಿಗಿಲಾಗಿ ವಂಶದ ನಂಟು. ಭೂಮಿಯ ಹೊರಗೆ ಜೀವ ಇದೆಯೆಂಬುದಕ್ಕೆ ಇಂದಿನವರೆಗೆ ಪುರಾವೆ ದೊರೆತಿಲ್ಲ. ಆದ್ದರಿಂದ ಈ ಕಲ್ಪನೆಯನ್ನು ಅಳೆಯಲು ಇರುವ ಮೊಳಕೋಲು ಭೂಮಿಯ ಸಂಕರಗಳೇ. ಅವುಗಳಲ್ಲಿ ಕೆಲವು ಯಡಿಯೂರಿನ ಹೊಲ, ಕೊಟ್ಟಿಗೆಗಳಲ್ಲೇ ಸಿಗುತ್ತವೆ.

ಸಂಕರ ಎಂದರೇನು

ಅನುವಂಶಿಕವಾಗಿ ಭಿನ್ನವಾದ ಎರಡು ತಳಿಗಳ ಅಥವಾ ಪ್ರಭೇದಗಳ ಲೈಂಗಿಕ ಕೂಡುವಿಕೆಯಿಂದ ಹುಟ್ಟಿದ ಜೀವಿಯೇ ಸಂಕರ, ಅಂದರೆ ಹೈಬ್ರಿಡ್. ಇದರ ಪ್ರತಿಯೊಂದು ಜೀವಕೋಶದಲ್ಲಿಯೂ ತಂದೆಯ ಒಂದು ಪಾಲು, ತಾಯಿಯ ಒಂದು ಪಾಲು ವರ್ಣತಂತುಗಳಿರುತ್ತವೆ. ಕ್ರೋಮೋಸೋಮ್ ಎಂದು ಶಾಲೆಯಲ್ಲಿ ಕಲಿಯುವ ವರ್ಣತಂತುಗಳು ಡಿಎನ್‌ಎಯನ್ನು ಸುತ್ತಿಟ್ಟ ದಾರದುಂಡೆಗಳಿದ್ದಂತೆ.

ಸಂಕರದ ಜೊತೆ ಹಲವರು ಬೆರೆಸಿಬಿಡುವ ಇನ್ನೊಂದು ಪದ ಕೈಮೆರಾ. ಇದರಲ್ಲಿ ಎರಡು ಜೀವಿಗಳ ಕೋಶಗಳು ಒಂದೇ ದೇಹದಲ್ಲಿ ಅಕ್ಕಪಕ್ಕದಲ್ಲಿರುತ್ತವೆಯೇ ಹೊರತು ಒಂದೇ ಕೋಶದೊಳಗೆ ಕೂಡಿರುವುದಿಲ್ಲ. ಹಳೇಬೀಡಿನ ಗೋಡೆಯ ಮೇಲಿನ ಮಕರವನ್ನು ನೆನೆದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ ಎಲ್ಲವೂ ಒಂದೇ ಮೈಯಲ್ಲಿದ್ದರೂ ಒಂದೊಂದೂ ತನ್ನತನ ಬಿಟ್ಟಿಲ್ಲ. ಭೀಮ ಮತ್ತು ಹಿಡಿಂಬೆಯ ಮಗ ಘಟೋತ್ಕಚ ಹಾಗಲ್ಲ. ರಾಕ್ಷಸ ಬಲವೂ ಮನುಷ್ಯ ಸ್ವಭಾವವೂ ಅವನ ಇಡೀ ದೇಹದಲ್ಲಿ ಬೆರೆತಿವೆ. ಮಕರ ಕೈಮೆರಾದ ಕಲ್ಪನೆ, ಘಟೋತ್ಕಚ ಸಂಕರದ ಕಲ್ಪನೆ. ಕನ್ನಡದ ಓದುಗನಿಗೆ ಎರಡೂ ಹೊಸತಲ್ಲ. ಪ್ರಯೋಗಾಲಯದಲ್ಲಿ ಕೈಮೆರಾ ಹೆಚ್ಚು ಸುಲಭ. 1984ರಲ್ಲಿ ಕುರಿ ಮತ್ತು ಮೇಕೆಯ ಕೋಶಗಳಿಂದಾದ ಪ್ರಾಣಿಯ ವರದಿ ಬಂದಿತು. 2021ರಲ್ಲಿ ಕೋತಿಯ ಭ್ರೂಣಗಳೊಳಗೆ ಮಾನವ ಕೋಶಗಳನ್ನಿಟ್ಟು ಕೆಲವನ್ನು ಸುಮಾರು 20 ದಿನಗಳವರೆಗೆ ಪಾತ್ರೆಯಲ್ಲಿ ಬೆಳೆಸಲಾಯಿತು.

ಕೊಟ್ಟಿಗೆ ಮತ್ತು ಲಾಯ

ಯಡಿಯೂರಿನ ಸುತ್ತಲಿನ ಹಳ್ಳಿಗಳಲ್ಲಿ ಹಸು ಬೆದೆಗೆ ಬಂದಾಗ ರೈತ ಈಗ ಹೋರಿಯನ್ನು ಹುಡುಕಿಕೊಂಡು ಹೋಗುವುದು ಕಡಿಮೆ. ಪಶುವೈದ್ಯ ಸಿಬ್ಬಂದಿ ದ್ರವ ಸಾರಜನಕದ ಜಾಡಿಯೊಂದಿಗೆ ಬರುತ್ತಾರೆ. ಜಾಡಿಯ ಮುಚ್ಚಳ ತೆಗೆದರೆ ಬಿಳಿ ಹಬೆ ಉಕ್ಕುತ್ತದೆ. ಒಳಗಿನ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಅದರಿಂದ ಎಳನೀರಿನ ಸ್ಟ್ರಾಗಿಂತ ತೀರಾ ತೆಳುವಾದ ಒಂದು ನಳಿಗೆಯನ್ನು ಚಿಮುಟದಲ್ಲಿ ಎತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷದಷ್ಟು ಹೊತ್ತು ಅದ್ದಿ ಕರಗಿಸುತ್ತಾರೆ. ಯುರೋಪಿನ ಮೂಲದ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ ಹೀಗೆ ನಾಟಿ ಹಸುವಿನ ಗರ್ಭವನ್ನು ಸೇರುತ್ತದೆ. ಹುಟ್ಟುವ ಮಿಶ್ರತಳಿ ಕರು ಜನರ ಬಾಯಲ್ಲಿ ಸೀಮೆಹಸುವಿನ ಕರು.

ಭುಜದ ಮೇಲೆ ಹಿಣಿಲಿರುವ ಭಾರತದ ರಾಸುಗಳೂ ಹಿಣಿಲಿಲ್ಲದ ಯುರೋಪಿನ ರಾಸುಗಳೂ ಲಕ್ಷಾಂತರ ವರ್ಷಗಳ ಹಿಂದೆಯೇ ಬೇರೆಯಾದ ಕವಲುಗಳು. ಆದರೂ ಎರಡರ ವರ್ಣತಂತುಗಳ ಸಂಖ್ಯೆ 60. ಜೋಡಿಗಳು ಕೂಡಿಕೊಳ್ಳುತ್ತವೆ, ಹೆಣ್ಣು ಕರು ಬೆಳೆದು ತಾನೂ ಕರು ಹಾಕುತ್ತದೆ. ಗಂಡಿನ ವೈ ವರ್ಣತಂತುವಿನ ಆಕಾರ ಮಾತ್ರ ಎರಡರಲ್ಲಿ ಬೇರೆ. ಹೀಗಾಗಿ ಮಿಶ್ರತಳಿ ಹೋರಿಯ ತಂದೆಯ ಬುಡ ಯಾವುದೆಂದು ಸೂಕ್ಷ್ಮದರ್ಶಕ ಹೇಳಬಲ್ಲದು. ಜಾತ್ರೆಯ ರೈತನ ಕೊನೆಯ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಕುಣಿಗಲ್‌ನ ಕುದುರೆ ಫಾರಂ ಇನ್ನೊಂದು ಪಾಠ ಹೇಳುತ್ತದೆ. ಹೈದರಾಲಿ, ಟಿಪ್ಪು ಸುಲ್ತಾನರ ಅಶ್ವದಳದೊಂದಿಗೆ ಹೆಸರು ಬೆಸೆದುಕೊಂಡಿರುವ ಈ ಫಾರಂ ಮುಂದೆ ರೇಸ್ ಕುದುರೆಗಳ ಸಂವರ್ಧನೆಗೆ ಹೆಸರಾಯಿತು. ಅಲ್ಲಿನ ಥರೋಬ್ರೆಡ್ ತಳಿಯಲ್ಲಿ ವಂಶಾವಳಿಯೇ ಸರ್ವಸ್ವ. ಬೆರಕೆಗೆ ಅವಕಾಶವಿಲ್ಲ, ಕೃತಕ ಗರ್ಭಧಾರಣೆಗೂ ಈ ತಳಿಯ ನೋಂದಣಿ ನಿಯಮ ಒಪ್ಪುವುದಿಲ್ಲ. ಅದೇ ಕುದುರೆ ಜಾತಿಯ ಹೆಣ್ಣಿಗೆ ಗಂಡು ಕತ್ತೆಯನ್ನು ಕೂಡಿಸಿದರೆ ಹೇಸರಗತ್ತೆ ಹುಟ್ಟುತ್ತದೆ. ಕುದುರೆಗೆ 64 ವರ್ಣತಂತುಗಳು, ಕತ್ತೆಗೆ 62. ತಾಯಿಯಿಂದ 32, ತಂದೆಯಿಂದ 31 ಸೇರಿ ಹೇಸರಗತ್ತೆಗೆ 63. ಬೆಟ್ಟದ ಹಾದಿಯಲ್ಲಿ ಹೊರೆ ಹೊರಲು ಅದಕ್ಕಿಂತ ಗಟ್ಟಿ ಪ್ರಾಣಿ ಅಪರೂಪ. ಆದರೆ ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ವರ್ಣತಂತುಗಳು ಜೊತೆ ಹುಡುಕಿಕೊಳ್ಳಬೇಕು. 63ರಲ್ಲಿ ಸರಿಯಾದ ಜೊತೆಗಳಾಗುವುದಿಲ್ಲ. ಹೇಸರಗತ್ತೆ ತೀರಾ ವಿರಳವಾದ ಅಪವಾದಗಳನ್ನು ಬಿಟ್ಟರೆ ಬಂಜೆ.

ರಾಗಿಯ ಎರಡು ಸಂಕರಗಳು

ಈ ಸೀಮೆಯ ಮುಖ್ಯ ಆಹಾರವಾದ ರಾಗಿಯೇ ಒಂದು ಪುರಾತನ ಸಂಕರ ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. ರಾಗಿಯ 36 ವರ್ಣತಂತುಗಳು ಎರಡು ಭಿನ್ನ ಹುಲ್ಲುಗಳಿಂದ ಬಂದವು. ಒಂದರ ವಂಶ ರಸ್ತೆ ಬದಿಯಲ್ಲಿಯೂ ಬೆಳೆಯುವ ಎಲ್ಯೂಸಿನ್ ಇಂಡಿಕಾ ಎಂಬ ಕಾಡುರಾಗಿಯದು. ಇನ್ನೊಂದು ಹುಲ್ಲಿನ ಗುರುತು ವಿಜ್ಞಾನಕ್ಕೆ ಇಂದಿಗೂ ಖಚಿತವಾಗಿ ಸಿಕ್ಕಿಲ್ಲ. ಇಂಥ ಸಂಕರ ಹೇಸರಗತ್ತೆಯಂತೆ ಬಂಜೆಯಾಗಬೇಕಿತ್ತು. ಸಸ್ಯಗಳಲ್ಲಿ ಕೆಲವೊಮ್ಮೆ ವರ್ಣತಂತುಗಳೆಲ್ಲ ಒಮ್ಮೆಗೇ ಇಮ್ಮಡಿಯಾಗುತ್ತವೆ; ಆಗ ಪ್ರತಿಯೊಂದಕ್ಕೂ ತನ್ನದೇ ಪ್ರತಿ ಜೊತೆಯಾಗಿ ದೊರೆತು ಬಂಜೆತನ ಕಳೆಯುತ್ತದೆ. ರಾಗಿಯ ಮೂಲದಲ್ಲಿ ನಡೆದದ್ದು ಅದು. ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ ಕೃಷಿಗೆ ಬಂದ ಆ ಧಾನ್ಯ ಸಾವಿರಾರು ವರ್ಷಗಳ ಹಿಂದೆ ಭಾರತವನ್ನು ತಲುಪಿ, ಇಲ್ಲಿನ ಮಣ್ಣಿಗೆ ಹೊಂದಿ, ಆಫ್ರಿಕಾದ ದಾಯಾದಿಗಳಿಂದ ದೂರವಾಯಿತು.

ಎರಡನೆಯ ಸಂಕರವನ್ನು ಮಾಡಿದವರು ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ, ರಾಗಿ ಬ್ರಹ್ಮ ಎಂದೇ ಜನ ಕರೆದ ಡಾ. ಲಕ್ಷ್ಮಣಯ್ಯ. ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಅವರು ಪಡೆದ ತಳಿಗಳ ಹೆಸರು ಇಂಡಾಫ್. ಇಂಡಿಯಾ ಮತ್ತು ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ. ಈ ಕೆಲಸದ ಕಷ್ಟ ಹೊರಗಿನವರ ಊಹೆಗೆ ಸಿಗುವಂಥದಲ್ಲ. ರಾಗಿಯ ಹೂವು ಸಾಸಿವೆಯಷ್ಟೂ ಇಲ್ಲ, ಬೆಳಗಾಗುವ ಮೊದಲೇ ಅರಳುತ್ತದೆ, ತನ್ನ ಪರಾಗಕ್ಕೆ ತಾನೇ ಫಲಿತವಾಗುತ್ತದೆ. ರಾಗಿಯಲ್ಲಿ ಸಂಕರ ಮಾಡಲು ಬಳಸುವ ಹಳೆಯ ಕ್ರಮವೊಂದಿದೆ: ಎರಡು ತೆನೆಗಳ ಬೆರಳುಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿ ಬಿಡುವುದು. ಕಟ್ಟಿದ ತೆನೆಯ ಕಾಳುಗಳಲ್ಲಿ ನಿಜವಾದ ಸಂಕರ ಕೆಲವೇ ಕೆಲವು. ಅದನ್ನು ಗುರುತಿಸಲು ಹಸಿರು ಗೆಣ್ಣಿನ ಗಿಡವನ್ನು ತಾಯಿಯಾಗಿಯೂ ನೇರಳೆ ಗೆಣ್ಣಿನ ಗಿಡವನ್ನು ತಂದೆಯಾಗಿಯೂ ಆರಿಸುತ್ತಾರೆ. ಕಾಳು ಬಿತ್ತಿ ಪೈರು ಬಂದಾಗ ಹಸಿರಿನ ನಡುವೆ ಎಲ್ಲೋ ಒಂದು ಗೆಣ್ಣು ನೇರಳೆಯಾಗಿ ಕಂಡರೆ ಅದೇ ಸಂಕರದ ಗಿಡ.

ದೂರ ಹೆಚ್ಚಿದಂತೆ ಬೀಳುವ ಬೀಗಗಳು

ಎರಡು ಜೀವಿಗಳ ಸಮಾನ ಪೂರ್ವಜ ಹಿಂದೆ ಹಿಂದೆ ಸರಿದಂತೆ ಸಂಕರದ ಬಾಗಿಲುಗಳಿಗೆ ಒಂದೊಂದಾಗಿ ಬೀಗ ಬೀಳುತ್ತದೆ. ಮೊದಲ ಬೀಗ ಅಂಡದ ಹೊರಮೈಯಲ್ಲಿಯೇ ಇದೆ. ಸಸ್ತನಿಗಳ ವೀರ್ಯಾಣುವಿನ ಮೇಲಿರುವ ಒಂದು ಪ್ರೋಟೀನು ಅಂಡದ ಮೇಲಿರುವ ಇನ್ನೊಂದು ಪ್ರೋಟೀನನ್ನು ಗುರುತಿಸಬೇಕು. ವೀರ್ಯಾಣುವಿನದನ್ನು 2005ರಲ್ಲಿ ಗುರುತಿಸಿದ ಜಪಾನಿನ ವಿಜ್ಞಾನಿಗಳು ಮದುವೆಗೆ ಹೆಸರಾದ ತಮ್ಮ ದೇಶದ ದೇಗುಲದ ನೆನಪಿಗೆ ಇಜುಮೋ ಎಂದು ಕರೆದರು. 2014ರಲ್ಲಿ ಗುರುತಾದ ಅಂಡದ ಪ್ರೋಟೀನಿಗೆ ರೋಮನ್ನರ ವಿವಾಹ ದೇವತೆ ಜೂನೋ ಹೆಸರು ಬಂದಿತು. ಈ ಪರಿಚಯ ಮುಗಿದರೂ ಮುಂದೆ ಭ್ರೂಣದ ಬೆಳವಣಿಗೆ, ಗರ್ಭದ ಒಪ್ಪಿಗೆ, ಮರಿಯ ಫಲವಂತಿಕೆ ಎಂಬ ಬೀಗಗಳಿವೆ.

1926ರಲ್ಲಿ ರಷ್ಯದ ಇಲ್ಯಾ ಇವನೋವ್ ಪಶ್ಚಿಮ ಆಫ್ರಿಕಾದ ಫ್ರೆಂಚ್ ಗಿನಿಗೆ ಹೋಗಿ, ಮರುವರ್ಷ ಹೆಣ್ಣು ಚಿಂಪಾಂಜಿಗಳಲ್ಲಿ ಮಾನವ ವೀರ್ಯದಿಂದ ಗರ್ಭಧಾರಣೆಗೆ ಯತ್ನಿಸಿದ. ಕುದುರೆಗಳ ಕೃತಕ ಗರ್ಭಧಾರಣೆಯಲ್ಲಿ ಹೆಸರು ಮಾಡಿದ್ದ ಈತ ಇಲ್ಲಿ ಸಂಪೂರ್ಣ ಸೋತ. ನೀತಿಯ ದೃಷ್ಟಿಯಿಂದ ಅಕ್ಷಮ್ಯವಾದ ಪ್ರಯತ್ನವದು. ಮನುಷ್ಯ ಮತ್ತು ಚಿಂಪಾಂಜಿಯ ಸಮಾನ ಪೂರ್ವಜ ಇದ್ದದ್ದು ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ. ನಮಗೆ 46, ಅದಕ್ಕೆ 48 ವರ್ಣತಂತುಗಳು.

ಕಾಲದ ಅಂತರವೊಂದೇ ಎಲ್ಲವನ್ನೂ ನಿರ್ಧರಿಸುವುದೂ ಇಲ್ಲ. 2020ರಲ್ಲಿ ಪ್ರಕಟವಾದಂತೆ, ಹಂಗೇರಿಯ ಪ್ರಯೋಗಾಲಯವೊಂದರಲ್ಲಿ ರಷ್ಯದ ಸ್ಟರ್ಜನ್ ಮೀನಿನ ಮೊಟ್ಟೆಗಳು ಅಮೆರಿಕದ ಪ್ಯಾಡಲ್‌ಫಿಶ್‌ನ ವೀರ್ಯದಿಂದ ಅನಿರೀಕ್ಷಿತವಾಗಿ ಫಲಿತವಾಗಿ ನೂರಾರು ಮರಿಗಳು ಹೊರಬಂದವು. ಅವೆರಡರ ವಂಶಗಳು ಬೇರೆಯಾದದ್ದು ಸುಮಾರು 18 ಕೋಟಿ ವರ್ಷಗಳ ಹಿಂದೆ. ನಿಧಾನವಾಗಿ ಬದಲಾಗುವ ವಂಶಗಳಲ್ಲಿ ಬೀಗಗಳೂ ನಿಧಾನವಾಗಿ ಬೀಳುತ್ತವೆ. ವರ್ಣತಂತುಗಳ ಲೆಕ್ಕವೂ ಮುಖ್ಯವೆಂಬುದಕ್ಕೆ ಹತ್ತಿ ಸಾಕ್ಷಿ. 1972ರಲ್ಲಿ ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ಎರಡು ಬೇರೆ ಪ್ರಭೇದಗಳ ಸಂಕರ. ಎರಡಕ್ಕೂ 52 ವರ್ಣತಂತುಗಳಿದ್ದುದರಿಂದ ಅದು ಹೊಲದ ತುಂಬ ಕಾಯಿ ಬಿಟ್ಟಿತು. 26 ವರ್ಣತಂತುಗಳ ದೇಸಿ ಹತ್ತಿಯನ್ನು ಅದೇ ರೀತಿ ಕೂಡಿಸಿದರೆ 39ರ ಬಂಜೆ ಗಿಡ ಬರುತ್ತದೆ.

ಮನುಷ್ಯನ ರಕ್ತದಲ್ಲಿರುವ ಬೆರಕೆ

ಮನುಷ್ಯ ಇನ್ನೊಂದು ಬುದ್ಧಿವಂತ ಜೀವಿಯೊಂದಿಗೆ ಸಂತಾನ ಪಡೆದದ್ದು ಕಥೆಯಲ್ಲಿ ಮಾತ್ರ ಅಲ್ಲ. 2010ರಲ್ಲಿ ಪ್ರಕಟವಾದ, ಅಳಿದುಹೋದ ಮಾನವ ವಂಶವಾದ ನಿಯಾಂಡರ್ತಾಲ್‌ನ ಜೀನೋಮ್ (ಇಡೀ ಡಿಎನ್‌ಎ), ಆಫ್ರಿಕಾದ ಹೊರಗಿನ ಜನರಲ್ಲಿ ಸ್ವಲ್ಪ (ಇಂದಿನ ಅಂದಾಜಿನಂತೆ ಶೇ. 1ರಿಂದ 2ರಷ್ಟು) ಡಿಎನ್‌ಎ ಆ ವಂಶದಿಂದ ಬಂದಿದೆಯೆಂದು ತೋರಿಸಿಕೊಟ್ಟಿತು. ಭಾರತೀಯರೂ ಇದಕ್ಕೆ ಹೊರತಲ್ಲ. ಈ ಶೋಧದ ನಾಯಕ ಸ್ವಾಂಟೆ ಪೇಬೊ ಅವರಿಗೆ 2022ರ ನೊಬೆಲ್ ಪ್ರಶಸ್ತಿ ಸಂದಿತು. ಸೈಬೀರಿಯಾದ ಡೆನಿಸೊವಾ ಗುಹೆಯಲ್ಲಿ ಸಿಕ್ಕ ಒಂದು ಸಣ್ಣ ಮೂಳೆಯ ಚೂರು ಇನ್ನೂ ಬೆರಗಿನ ಸಂಗತಿ ಹೇಳಿತು. ಸುಮಾರು 90,000 ವರ್ಷಗಳ ಹಿಂದೆ ಬದುಕಿದ್ದ ಆ ಹುಡುಗಿಯ ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೊವನ್ ಎಂಬ ಇನ್ನೊಂದು ಮಾನವ ವಂಶದವನು. ಎರಡು ಮಾನವಕುಲಗಳ ನೇರ ಸಂತಾನವೊಂದರ ಗುರುತು ಹೀಗೆ ಬೆರಳತುದಿಯಷ್ಟು ಮೂಳೆಯಲ್ಲಿ ಉಳಿದಿತ್ತು. ಭಿನ್ನ ಮಾನವರ ಸಂಕರ ಕಥೆ ಬರೆಯಲು ಆಕಾಶದತ್ತ ನೋಡಬೇಕಾದ ಅಗತ್ಯವೇ ಇಲ್ಲ ಎನ್ನಿಸುವಷ್ಟು ಇದು ಶ್ರೀಮಂತ ವಸ್ತು.

ಅನ್ಯಗ್ರಹ ಜೀವಿಯ ತೊಡಕು

ಇಲ್ಲಿಯವರೆಗೆ ಹೇಳಿದ ಜೀವಿಗಳಿಗೆಲ್ಲ ಒಂದೇ ಬೇರು. ಹಸು, ರಾಗಿ, ಸ್ಟರ್ಜನ್, ಮನುಷ್ಯ ಎಲ್ಲರ ಕೋಶದಲ್ಲಿಯೂ ಒಂದೇ ಲಿಪಿ ನಡೆಯುತ್ತದೆ. ಡಿಎನ್‌ಎಯ ನಾಲ್ಕು ಅಕ್ಷರಗಳು ಮೂರು ಮೂರಾಗಿ ಸೇರಿ 64 ಪದಗಳಾಗುತ್ತವೆ. ಅವುಗಳಲ್ಲಿ ಬಹುಪಾಲು 20 ಅಮೈನೊ ಆಮ್ಲಗಳನ್ನು ಸೂಚಿಸುತ್ತವೆ. ಯಾವ ಪದಕ್ಕೆ ಯಾವ ಅಮೈನೊ ಆಮ್ಲ ಎಂಬ ಕೋಷ್ಟಕವನ್ನು ಬಿಡಿಸಿದ ಕೆಲಸಕ್ಕೆ ಹರಗೋವಿಂದ ಖೊರಾನಾ ಇನ್ನಿಬ್ಬರೊಂದಿಗೆ 1968ರಲ್ಲಿ ನೊಬೆಲ್ ಹಂಚಿಕೊಂಡರು. ಸಣ್ಣಪುಟ್ಟ ವ್ಯತ್ಯಾಸಗಳನ್ನು ಬಿಟ್ಟರೆ ಭೂಮಿಯ ಜೀವರಾಶಿಗೆಲ್ಲ ಇದೇ ಕೋಷ್ಟಕ. ಬೆಂಗಳೂರಿನ ಬಯೋಕಾನ್ ಯೀಸ್ಟ್ ಕೋಶಗಳಿಂದ ಮಾನವ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತರಲು ಸಾಧ್ಯವಾದದ್ದು ಈ ಕಾರಣಕ್ಕೆ: ಮನುಷ್ಯನ ವಾಕ್ಯವನ್ನು ಯೀಸ್ಟ್ ತಪ್ಪಿಲ್ಲದೆ ಓದಬಲ್ಲದು.

ಸ್ವತಂತ್ರವಾಗಿ ಹುಟ್ಟಿದ ಜೀವರಾಶಿಗೆ ಇದೇ ಲಿಪಿ ಇರಬೇಕೆಂಬ ನಿಯಮವಿಲ್ಲ. ಅಲ್ಲಿ ಡಿಎನ್‌ಎಗೆ ಬದಲು ಬೇರೆ ಅಣುವಿರಬಹುದು. ಡಿಎನ್‌ಎಯೇ ಇದ್ದರೂ ಕೋಷ್ಟಕ ಬೇರೆಯಿರಬಹುದು. ಕನ್ನಡದ ಅಕ್ಷರಗಳಲ್ಲಿ ಬರೆದಿದ್ದರೂ ಭಾಷೆ ಅರ್ಥವಾಗದ ಪುಸ್ತಕದಂತೆ. ಇನ್ನೊಂದು ತೊಡಕು ಎಡ ಬಲದ್ದು. ಅಮೈನೊ ಆಮ್ಲಗಳ ಅಣುಗಳಿಗೆ ಎಡಗೈ ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾದ ಎರಡು ರೂಪಗಳಿವೆ. ಭೂಮಿಯ ಜೀವಿಗಳು ಪ್ರೋಟೀನು ಕಟ್ಟಲು ಎಡಗೈ ರೂಪವನ್ನೇ ಬಳಸುತ್ತವೆ. ಬಲಗೈ ರೂಪದ ಜೀವಿ ಮನುಷ್ಯರೊಂದಿಗೆ ಸಂತಾನ ಪಡೆಯುವುದಿರಲಿ, ಇಲ್ಲಿನ ಮುದ್ದೆ ಉಂಡರೂ ಅದರ ಪ್ರೋಟೀನು ಮೈಗೆ ಹತ್ತುವುದಿಲ್ಲ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ ಹತ್ತಾರು ಬಗೆಯ ಅಮೈನೊ ಆಮ್ಲಗಳು ಸಿಕ್ಕವು. ಅವುಗಳಲ್ಲಿ ಅನೇಕವನ್ನು ನಮ್ಮ ದೇಹ ಬಳಸುವುದೇ ಇಲ್ಲ. ಇಟ್ಟಿಗೆಗಳು ಆಕಾಶದಲ್ಲಿ ಧಾರಾಳವಾಗಿವೆ, ಮನೆಯ ನಕ್ಷೆ ಒಂದೇ ಆಗಿರಬೇಕಿಲ್ಲ.

ಈ ಲೆಕ್ಕದಲ್ಲಿ ಅನ್ಯಗ್ರಹ ಜೀವಿಗಿಂತ ಹೊಲದ ಬದುವಿನ ತುಂಬೆ ಗಿಡ ಮನುಷ್ಯನಿಗೆ ಹತ್ತಿರದ ನಂಟ. ತುಂಬೆಗೂ ಮನುಷ್ಯನಿಗೂ ಸಂತಾನವಾಗದು ಎಂದು ಒಪ್ಪುವವರು ಇನ್ನೊಂದನ್ನೂ ಒಪ್ಪಬೇಕಾಗುತ್ತದೆ: ಬೇರೆ ಬೇರಿನ ಎರಡು ಜೀವಗಳ ಸಹಜ ಲೈಂಗಿಕ ಸಂಕರ ಅಸಾಧ್ಯ.

ಕಥೆಗಾರರು ತೆರೆದ ದಾರಿಗಳು

ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಅಂಥವರು ಬೆಳೆಸಿದ ವಿಜ್ಞಾನ ಕಥೆಗೆ ವಿಜ್ಞಾನದ ನಿಯಮ ಗೊತ್ತಿದ್ದೇ ಕಲ್ಪನೆಗೆ ಇಳಿಯುವ ಸ್ವಾತಂತ್ರ್ಯವಿದೆ. ಅಸಾಧ್ಯವನ್ನು ದಾಟಲು ಜಗತ್ತಿನ ಲೇಖಕರು ಬಳಸಿದ ಉಪಾಯಗಳಲ್ಲಿ ಹೆಚ್ಚು ಬಳಕೆಯಾದದ್ದು ಸಮಾನ ಪೂರ್ವಜನದು. 1966ರಲ್ಲಿ ಆರಂಭವಾದ ಸ್ಟಾರ್ ಟ್ರೆಕ್ ಧಾರಾವಾಹಿಯ ಸ್ಪಾಕ್ ವಲ್ಕನ್ ಗ್ರಹದ ತಂದೆಗೂ ಮಾನವ ತಾಯಿಗೂ ಹುಟ್ಟಿದವನು. ಹಲವು ಗ್ರಹಗಳ ಜನ ಮನುಷ್ಯರನ್ನೇ ಹೋಲುವುದೇಕೆ ಎಂಬುದಕ್ಕೆ ಅದರ ಮುಂದಿನ ಸರಣಿಯೊಂದರ 1993ರ ಸಂಚಿಕೆ ವಿವರಣೆ ಕೊಟ್ಟಿತು: ಪುರಾತನ ಜನಾಂಗವೊಂದು ಎಲ್ಲ ಗ್ರಹಗಳಲ್ಲಿಯೂ ತನ್ನ ಬೀಜ ಬಿತ್ತಿತ್ತು.

ಇದಕ್ಕೆ ಹತ್ತಿರದ ವೈಜ್ಞಾನಿಕ ಊಹೆಯೆಂದರೆ ಜೀವದ ಬೀಜಗಳು ಅಂತರಿಕ್ಷದಲ್ಲಿ ಸಂಚರಿಸುತ್ತವೆ ಎಂಬ ಪ್ಯಾನ್‌ಸ್ಪರ್ಮಿಯಾ. ಖಗೋಳವಿಜ್ಞಾನಿಗಳಾದ ಫ್ರೆಡ್ ಹಾಯ್ಲ್, ಚಂದ್ರ ವಿಕ್ರಮಸಿಂಘೆ ಇದರ ಪ್ರತಿಪಾದಕರು. ಇಸ್ರೋ ಬೆಂಬಲದೊಂದಿಗೆ ಜಯಂತ ನಾರ್ಳೀಕರ್ ಮೊದಲಾದವರು 2001 ಮತ್ತು 2005ರಲ್ಲಿ ಹೈದರಾಬಾದಿನಿಂದ ಬಲೂನುಗಳನ್ನು ಹಾರಿಸಿ ಮೇಲಿನ ವಾತಾವರಣದ ಗಾಳಿಯನ್ನು ಸಂಗ್ರಹಿಸಿದರು. 2009ರಲ್ಲಿ ಪ್ರಕಟವಾದಂತೆ ಅದರಲ್ಲಿ ಮೂರು ಹೊಸ ಬ್ಯಾಕ್ಟೀರಿಯಾಗಳು ಸಿಕ್ಕವು. ಒಂದಕ್ಕೆ ಹಾಯ್ಲ್ ಹೆಸರು, ಒಂದಕ್ಕೆ ಇಸ್ರೋ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು. ಅವು ಹೊರಗಿನಿಂದ ಬಂದವೆಂದು ಸಾಬೀತಾಗಲಿಲ್ಲ. ಅಂಥದೊಂದು ನಂಟು ನಿಜವೆಂದೇ ಇಟ್ಟುಕೊಂಡರೂ ಹಂಚಿಕೆಯಾಗುವುದು ಸೂಕ್ಷ್ಮಜೀವಿಯ ಮಟ್ಟದ ಲಿಪಿ ಮಾತ್ರ. ಅದು ಸಂತಾನಕ್ಕೆ ಸಾಲದು, ಪ್ರಯೋಗಾಲಯದಲ್ಲಿ ವಂಶವಾಹಿಯನ್ನು ಕಸಿ ಮಾಡಲು ಸಾಕು.

ಆ ಕಸಿಯ ದಾರಿಯನ್ನು ಅತ್ಯಂತ ಗಂಭೀರವಾಗಿ ತುಳಿದವರು ಅಮೆರಿಕದ ಲೇಖಕಿ ಆಕ್ಟೇವಿಯಾ ಬಟ್ಲರ್. 1987ರ ಡಾನ್ ಕಾದಂಬರಿಯಲ್ಲಿ ಬರುವ ಅನ್ಯಗ್ರಹದವರಿಗೆ ಗಂಡು, ಹೆಣ್ಣುಗಳ ಜೊತೆಗೆ ಮೂರನೆಯ ಲಿಂಗವೊಂದಿದೆ. ಇಬ್ಬರ ಆನುವಂಶಿಕ ವಸ್ತುವನ್ನು ಓದಿ, ಹೊಂದಿಸಿ, ಮಗುವನ್ನು ಕಟ್ಟುವ ಕೆಲಸ ಅದರದು. ಸಂಕರಕ್ಕೆ ಬೇಕಾದ ಅನುವಾದಕನನ್ನು ಬಟ್ಲರ್ ಜೀವಿಯ ದೇಹದೊಳಗೇ ಇಟ್ಟರು. ಈ ವಿಷಯದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಕಲ್ಪನೆ ವಿರಳ.

ಮೂರನೆಯದು ಸಹಜೀವನದ ದಾರಿ. ಮನುಷ್ಯನ ಕೋಶದಲ್ಲಿ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾ ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ಇನ್ನೊಂದು ಕೋಶದೊಳಗೆ ಸೇರಿ ಅಲ್ಲಿಯೇ ನೆಲೆಸಿತು. ಈ ವಿವರಣೆಯನ್ನು 1967ರಲ್ಲಿ ಮುಂದಿಟ್ಟವರು ಜೀವವಿಜ್ಞಾನಿ ಲಿನ್ ಮಾರ್ಗುಲಿಸ್. ಭೂಮಿಯ ಮೇಲೆ ಅತಿ ದೂರದ ಜೀವಿಗಳು ಒಂದಾದದ್ದು ಲೈಂಗಿಕತೆಯಿಂದಲ್ಲ, ಹೀಗೆ ಒಂದರೊಳಗೊಂದು ಬಾಳಿದ್ದರಿಂದ. ಅನ್ಯಗ್ರಹದ ಸಂಕರವನ್ನು ಇದೇ ಬಗೆಯಲ್ಲಿ ಕಲ್ಪಿಸಿದರೆ ಬೀಗಗಳ ತೊಂದರೆ ಬಹುಮಟ್ಟಿಗೆ ಕಳೆಯುತ್ತದೆ.

ಸಂಕರ ಸಂತತಿಯ ಜಗತ್ತು

ಕಥೆಯಲ್ಲಿ ಮೊದಲ ಸಂಕರ ಮಗು ಹುಟ್ಟಿದ ಮೇಲೆ ಜಗತ್ತನ್ನು ಕಟ್ಟುವ ನಿಜವಾದ ಕೆಲಸ ಆರಂಭವಾಗುತ್ತದೆ. ಸಂಕರ ಪಾತ್ರಗಳಿಗೆ ಅಸಾಧಾರಣ ಬಲ ಕೊಡುವ ವಾಡಿಕೆಗೆ ಆಧಾರವಿಲ್ಲದಿಲ್ಲ. ಇಂದಿನ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 1930ರ ದಶಕದಲ್ಲಿ ಎತ್ತರದ ಮತ್ತು ಗಿಡ್ಡ ತೆಂಗುಗಳನ್ನು ಕೂಡಿಸಿದಾಗ ಸಸಿಗಳು ತಂದೆತಾಯಿಗಳನ್ನು ಮೀರಿಸಿ ಬೆಳೆದವು. ಇದನ್ನು ಸಂಕರ ಬಲ ಎನ್ನುತ್ತಾರೆ. ಆದರೆ ಅದು ಹೆಚ್ಚಾಗಿ ಹತ್ತಿರದ ನಂಟರಲ್ಲಿ ಕಾಣುವ ಗುಣ. ದೂರ ಹೆಚ್ಚಾದರೆ, ಹೇಸರಗತ್ತೆಯಲ್ಲಿ ಕಂಡಂತೆ, ಬಲವಿದ್ದರೂ ಬಂಜೆತನ ಬರುತ್ತದೆ.

ಆ ಬಂಜೆತನ ಗಂಡು ಹೆಣ್ಣುಗಳಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಮುಂದೆ ಭಾರತಕ್ಕೆ ಬಂದು ನೆಲೆಸಿದ ವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1922ರಲ್ಲಿ ಗುರುತಿಸಿದ ನಿಯಮದಂತೆ, ಸಂಕರದಲ್ಲಿ ಒಂದು ಲಿಂಗ ಇಲ್ಲವಾದರೆ, ವಿರಳವಾದರೆ ಅಥವಾ ಬಂಜೆಯಾದರೆ ಅದು ಭಿನ್ನ ಲಿಂಗ ವರ್ಣತಂತುಗಳುಳ್ಳ ಲಿಂಗ. ಸಸ್ತನಿಗಳಲ್ಲಿ ಅದು ಗಂಡು, ಹಕ್ಕಿಗಳಲ್ಲಿ ಹೆಣ್ಣು. ಸಿಂಹ ಮತ್ತು ಹುಲಿಯ ಸಂಕರದಲ್ಲಿ ಗಂಡು ಬಂಜೆ, ಹೆಣ್ಣು ಮರಿ ಹಾಕಬಲ್ಲದು. ಮನುಷ್ಯನ ಎಕ್ಸ್ ವರ್ಣತಂತುವಿನಲ್ಲಿ ನಿಯಾಂಡರ್ತಾಲ್ ಅಂಶ ಬೇರೆಡೆಗಿಂತ ತೀರಾ ಕಡಿಮೆ ಇರುವುದೂ ಅಂಥದೇ ಹಳೆಯ ಕಷ್ಟದ ಗುರುತೆಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಈ ನಿಯಮವನ್ನು ಒಪ್ಪಿದ ಕಥೆಗಾರನ ಸಂಕರ ಸಮಾಜದಲ್ಲಿ ವಂಶ ಹೆಣ್ಣುಮಕ್ಕಳಿಂದಲೇ ಮುಂದುವರಿಯುತ್ತದೆ. ಆಸ್ತಿ, ಮದುವೆ, ಮನೆತನದ ಹೆಸರು ಎಲ್ಲವೂ ಅದಕ್ಕೆ ಹೊಂದಿಕೊಂಡು ಬದಲಾಗಬೇಕು.

ಎರಡನೆಯ ತಲೆಮಾರು ಇನ್ನೂ ಕುತೂಹಲದ್ದು, ಕಥೆಗಾರರು ಹೆಚ್ಚಾಗಿ ಮರೆತುಬಿಡುವುದೂ ಅದನ್ನೇ. ಸಂಕರ ಬೀಜದ ಬೆಳೆಯಿಂದ ಮತ್ತೆ ಬೀಜ ಎತ್ತಿಡಬಾರದೆಂದು ರೈತನಿಗೆ ಗೊತ್ತು. ಮೊದಲ ತಲೆಮಾರಿನ ಗಿಡಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಅವುಗಳ ಮಕ್ಕಳಲ್ಲಿ ಗುಣಗಳು ಬಿಡಿಬಿಡಿಯಾಗಿ ಚದರುತ್ತವೆ. ರಾಗಿಯ ತಾಕಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಹಸಿರಿನ ನಡುವೆ ಆರಿಸಿದ ಆ ಒಂದು ನೇರಳೆ ಗೆಣ್ಣಿನ ಗಿಡದ ಕಾಳುಗಳನ್ನು ಮರುವರ್ಷ ಬಿತ್ತಿದರೆ ಎತ್ತರದವು, ಗಿಡ್ಡವು, ಬೇಗ ತೆನೆ ಬಿಡುವವು, ತಡವಾಗಿ ಬಿಡುವವು, ಬೆರಳು ಬಿಚ್ಚಿದ ತೆನೆಯವು, ಮುಷ್ಟಿ ಕಟ್ಟಿದ ತೆನೆಯವು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಅವುಗಳ ನಡುವೆ ಕೆಲವು ಗಿಡಗಳ ಗೆಣ್ಣು ಮತ್ತೆ ಹಸಿರಾಗಿರುತ್ತದೆ, ಅಜ್ಜಿಯದರಂತೆ.